ದ್ರಿಮಿನ್‌ಗೆ ಬಿದ್ದ ಕಣ್ಣು

ಫೆಬ್ರವರಿಯಲ್ಲಿ ಓನೋರಾ ಅಜ್ಜಿ ಸಾಯುವ ಮುಂಚೆ ದ್ರಿಮಿನ್ ಅನ್ನುವ ತನ್ನ ಹಸುವನ್ನು ಕಿರಿಯ ಸೊಸೆಗೆ ಕೊಟ್ಟಳು. ಅದರಲ್ಲಿ ತಪ್ಪೇನಿದೆ, ನೀವೇ ಹೇಳಿ. ಹಿರಿಯ ಸೊಸೆ ಶಿಬೇಲಳ ಕೊಟ್ಟಿಗೆಯಲ್ಲಿ ಅವಳದೇ ಮೂರು ಹಸುಗಳಿದ್ದವು. ಕಿರಿಯವಳು ಗೊಬ್ನಿತ್ ಮಕ್ಕಳ ಹಾಲಿಗೆ ದಿನಾ ಡಬ್ಬಿ ಹಿಡಿದು ಓರಗಿತ್ತಿಯ ಬಾಗಿಲಿಗೆ ಬರಬೇಕಿತ್ತು. ಮುದುಕಿ ಅದನ್ನೆಲ್ಲ ನೋಡುತ್ತಿದ್ದಳು. ಪಾದ್ರಿಯ ಎದುರಿಗೇ, "ದ್ರಿಮಿನ್ ಗೊಬ್ನಿತ್‌ಗೆ" ಅಂದಳು, ಮಗ್ಗುಲು ಹೊರಳಿದಳು, ಮಾರನೆಯ ದಿನ ಹೋಗಿಬಿಟ್ಟಳು. ನ್ಯಾಯವಾಯಿತು ಅಂತ ನಾವೆಲ್ಲ ಅಂದುಕೊಂಡೆವು. ನಮ್ಮದೇನು ಹೋಗಿತ್ತು, ಹಸು ನಮ್ಮದಲ್ಲವಲ್ಲ!

ಶಿಬೇಲಳ ಕಡೆಯಿಂದ ನೋಡಿದರೆ ಬೇರೆಯೇ ಕಾಣುತ್ತಿತ್ತು. ಹಿರಿಮಗ ಟೈಗ್‌ಗೆ ಮದುವೆ ಮಾಡಿ ಹೊಲ ಬರೆದುಕೊಟ್ಟ ಮೇಲೆ ಮುದುಕಿ ಪಡುವಣ ಕೋಣೆಗೆ ಸರಿದಿದ್ದಳು, ನಮ್ಮಲ್ಲಿ ಎಲ್ಲ ಅತ್ತೆಯಂದಿರೂ ಸರಿಯುವ ಹಾಗೆ. ಒಲೆಯ ಪಕ್ಕ ಒಂದು ಕುರ್ಚಿ, ಒಂದು ಹಸುವಿಗೆ ಆಗುವಷ್ಟು ಹುಲ್ಲು, ಇಷ್ಟು ತನ್ನದು ಅಂತ ಇಟ್ಟುಕೊಂಡಿದ್ದಳು. ಹಸು ಅವಳದು ಸರಿ, ಆದರೆ ಅವಳ ಮಂಡಿ ಹಿಡಿದುಕೊಂಡು ಎಷ್ಟು ವರ್ಷವಾಗಿತ್ತು! ಮಳೆಯೋ ಮಂಜೋ, ಬೆಳಿಗ್ಗೆ ಎದ್ದು ಹುಲ್ಲು ಹೊತ್ತವಳು ಶಿಬೇಲ್. ಚಿಕ್ಕ ಆಲೂಗಡ್ಡೆ ಬೇಯಿಸಿ, ಕೈಯಲ್ಲೇ ಹಿಸುಕಿ, ಓಟ್ಸ್ ಹೊಟ್ಟು ಕಲಸಿ, ಬೆಚ್ಚಗೆ ಇದೆಯೋ ಇಲ್ಲವೋ ಅಂತ ಮೊಣಕೈ ಅದ್ದಿ ನೋಡಿ ಇಟ್ಟವಳು ಶಿಬೇಲ್. ಮೇವು ತೀರಿಹೋದ ವರ್ಷ ಬೇಲಿಯ ಮುಳ್ಳುಗಿಡ ಕೊಯ್ದು, ಮುಳ್ಳು ಮೆತ್ತಗಾಗುವ ತನಕ ಒನಕೆಯಲ್ಲಿ ಜಜ್ಜಿ ತಿನ್ನಿಸಿದವಳೂ ಅವಳೇ. ತನ್ನ ಮೂರು ಹಸುಗಳಿಗೆ ಅವಳು ಹಾಗೆ ಮಾಡಿದ್ದನ್ನು ನಾನಂತೂ ನೋಡಿಲ್ಲ. ದ್ರಿಮಿನ್ ಅಂದರೆ ಅವಳಿಗೆ ಅಷ್ಟು ಪ್ರಾಣ. ಕಪ್ಪು ಮೈ, ಬೆನ್ನ ಮೇಲೆ ಕತ್ತಿನಿಂದ ಬಾಲದವರೆಗೆ ಬಿಳಿ ಪಟ್ಟೆ. ನೋಡಲು ಚೆಂದವೇ, ಇಲ್ಲ ಅನ್ನಲಾರೆ.

ಅದನ್ನು ಗೊಬ್ನಿತ್ ಹಗ್ಗ ಹಿಡಿದು ಕರೆದುಕೊಂಡು ಹೋದ ದಿನ ಶಿಬೇಲ್ ಹೊರಗೆ ಬರಲಿಲ್ಲ. ಒಳಗೆ ಪಾತ್ರೆಗಳು ಸದ್ದು ಮಾಡುತ್ತಿದ್ದವು. ಎರಡು ಮನೆಯ ನಡುವೆ ಇರುವುದು ಒಂದು ಕಲ್ಲುಗೋಡೆ, ಒಂದು ಗೊಬ್ಬರದ ಗುಂಡಿ. ಎದುರಿಗೆ ನನ್ನ ಮನೆ. ಎರಡೂ ಕಡೆಯದು ನನಗೆ ಕೇಳುತ್ತದೆ, ಕಿವಿ ಮುಚ್ಚಿಕೊಂಡು ಕೂರಲು ಆಗುತ್ತದೆಯೇ?

ಗೋಡೆಯ ಆಚೆ ಬಿಂದಿಗೆ ತುಂಬುವ ಸದ್ದಾದರೆ ಸಾಕು, ಶಿಬೇಲ್ ನನ್ನ ಬಾಗಿಲಲ್ಲಿ.

"ಎಲೆನ್, ಎಷ್ಟು ಕೊಡ್ತಿದೆಯಂತೆ?"

"ಗಬ್ಬದ ಹಸು ಏನೇ ಕೊಡುತ್ತೆ? ಹಾಲು ಬತ್ತಿದೆ."

"ಹೊಟ್ಟೆಗೆ ಏನ್ ಹಾಕ್ತಾಳಂತೆ?"

"ಹೋಗಿ ಅವಳನ್ನೇ ಕೇಳು."

"ನಾನ್ಯಾಕೆ ಕೇಳ್ಲಿ? ಅವಳ ಹಸು, ಅವಳ ಹಣೆಬರಹ. ಸೊರಗಿ ಹೋಗಿದೆ ಅಂತ ಟೈಗ್ ಹೇಳ್ತಿದ್ದ, ಅದಕ್ಕೇ ಕೇಳ್ದೆ."

ಟೈಗ್ ಹಾಗೆ ಹೇಳಿರಲಿಲ್ಲ. ಹಸು ಸೊರಗಿರಲೂ ಇಲ್ಲ. ಅದೇ ಅವಳ ಸಂಕಟ.

ಏಪ್ರಿಲ್ ಕೊನೆಗೆ ದ್ರಿಮಿನ್ ಕರು ಹಾಕಿತು. ಹೆಣ್ಣು ಕರು, ಅದರ ಬೆನ್ನ ಮೇಲೂ ಬಿಳಿ ಪಟ್ಟೆ. ಗೊಬ್ನಿತ್‌ಳ ಗಂಡ ಫಿನೀನ್, ಅಂದರೆ ಟೈಗ್‌ನ ತಮ್ಮ, ಚರ್ಚಿನ ಮೇಣದಬತ್ತಿ ಹಚ್ಚಿ ಕೆಚ್ಚಲಿನ ಕೆಳಗೆ ಆಡಿಸಿದ, ಬಾಲಕ್ಕೆ ಕೆಂಪು ದಾರ ಕಟ್ಟಿದ. ಗೊಬ್ನಿತ್ ಮನೆಮನೆಗೆ ಗಿಣ್ಣುಹಾಲು ಕಳಿಸಿದಳು, ಪ್ರತಿ ಡಬ್ಬಿಗೂ ಒಂದೊಂದು ಚಿಟಿಕೆ ಉಪ್ಪು ಹಾಕಿ. ಉಪ್ಪಿಲ್ಲದೆ ಹಾಲು ಹೊರಗೆ ಹೋದರೆ ಮನೆಯ ಭಾಗ್ಯವೂ ಅದರ ಜೊತೆಗೇ ಹೋಗುತ್ತದಲ್ಲ. ನಮ್ಮ ಮನೆಗೆ ಬಂದಿದ್ದನ್ನು ನಾನು ಕಾಯಿಸಿ ತಿಂದೆ. ಶಿಬೇಲಳ ಮನೆಗೆ ಬಂದಿದ್ದು ಹಂದಿಯ ಹೊಟ್ಟೆಗೆ ಹೋಯಿತು. ಅಯ್ಯೋ, ಅವಳೇ ಹೇಳಿದಳು, ನಾನು ಕಟ್ಟಿ ಹೇಳುತ್ತಿಲ್ಲ.

ಭಾನುವಾರ ಚರ್ಚು ಮುಗಿಸಿಕೊಂಡು ನಾವೆಲ್ಲ ಕರು ನೋಡಲು ಹೋದೆವು. ಕೊಟ್ಟಿಗೆ ಸಣ್ಣದು, ಒಬ್ಬರ ಹಿಂದೊಬ್ಬರು ಹೋಗಬೇಕು. ಯಾರದೇ ಹಸು, ಕರು, ಹಂದಿಮರಿ ಕಂಡರೂ ಮೊದಲು "ದೇವರು ಕಾಪಾಡಲಿ" ಅನ್ನುವುದು ನಮ್ಮಲ್ಲಿ ರೂಢಿ. ಹೊಗಳಿಕೆ ಏನಿದ್ದರೂ ಆಮೇಲೆ. ಆ ಮಾತು ಹೇಳದೆ ಬರಿದೇ ಹೊಗಳಿದರೆ ಕಣ್ಣು ಬೀಳುತ್ತದೆ. ಎಳೆ ಮಗುವಿಗೂ ಗೊತ್ತು ಇದು. ನಮ್ಮೂರಿನ ಹಿರಿಯ ಕೋರ್ಮಕ್ ತಾತ ಹೇಳಿದ, ನಾನು ಹೇಳಿದೆ, ಬಂದವರೆಲ್ಲ ಹೇಳಿದರು. ಗೊಬ್ನಿತ್ ಕರುವಿನ ಪಕ್ಕ ನಿಂತು, ಎದೆ ಮುಂದೆ ಮಾಡಿ, ಒಬ್ಬೊಬ್ಬರಿಗೂ ತಲೆ ಆಡಿಸುತ್ತಿದ್ದಳು. ಅವಳ ಜಂಬ ನೋಡಿದರೆ ಕರು ಹಾಕಿದ್ದು ಹಸುವೋ ಇವಳೋ ಅನ್ನಬೇಕು.

ಕೊನೆಗೆ ಶಿಬೇಲ್ ಬಂದಳು. ಅವಳು ಬರುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ಬಾಗಿಲಲ್ಲಿ ಅವಳ ನೆರಳು ಬಿದ್ದದ್ದೇ ತಡ, ದ್ರಿಮಿನ್ ಕತ್ತೆತ್ತಿ, ಕರುವನ್ನೂ ಬಿಟ್ಟು, ಹಗ್ಗ ಬಿಗಿಯುವಷ್ಟು ಮುಂದಕ್ಕೆ ಬಂದು ಅವಳ ಕೈ ನೆಕ್ಕಿತು. ಅಂಗೈ, ಮಣಿಕಟ್ಟು, ತೋಳು, ಎಲ್ಲ. ಗೊಬ್ನಿತ್‌ಳ ಮುಖ ಕಪ್ಪಿಟ್ಟಿತು. ಹಗ್ಗ ಹಿಡಿದು ಹಿಂದಕ್ಕೆ ಜಗ್ಗಿದಳು.

"ಸಾಕು ಬಿಡು ಅಕ್ಕ, ಬಾಣಂತಿ ಹಸು. ಸುಮ್ನೆ ಕೆರಳಿಸ್ಬೇಡ."

ಶಿಬೇಲ್ ಕರುವನ್ನು ನೋಡಿದಳು. ಕೆಚ್ಚಲನ್ನು ನೋಡಿದಳು. ಬಾಯಿ ತೆರೆದಳು. ಆ ಎರಡು ಮಾತು ಬರಲಿಲ್ಲ. ಬಂದದ್ದು ಬೇರೆ.

"ಕೆಚ್ಚಲು ಚೆನ್ನಾಗಿ ತುಂಬಿದೆ. ಕರುನೂ ಲಕ್ಷಣವಾಗಿದೆ."

ಅಷ್ಟೇ. ತಿರುಗಿದಳು, ಹೊರಟಳು. ಕೊಟ್ಟಿಗೆಯೊಳಗೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗೊಬ್ನಿತ್ ಶಿಲುಬೆಯ ಗುರುತು ಹಾಕಿಕೊಂಡು, ಕರುವನ್ನು ಲಂಗದ ಹಿಂದಕ್ಕೆ ಎಳೆದುಕೊಂಡಳು.

ಮಧ್ಯಾಹ್ನ ಇಳಿಯುವಷ್ಟರಲ್ಲಿ ಫಿನೀನ್ ನನ್ನ ಬಾಗಿಲಿಗೆ ಓಡಿಬಂದ. "ಎಲೆನಕ್ಕ, ದ್ರಿಮಿನ್ ಸಾಯ್ತಿದೆ!"

ಹೋಗಿ ನೋಡಿದರೆ ನಿಜವೇ. ಹಸು ಮೊಣಕಾಲೂರಿ ಕತ್ತನ್ನು ಮುಂದಕ್ಕೆ ನೀಡಿತ್ತು. ಬಾಯಿಂದ ನೊರೆ, ಎಡ ಪಕ್ಕೆ ಉಬ್ಬಿ ನಗಾರಿಯಾಗಿತ್ತು, ಕಣ್ಣು ಹೊರಗೆ ಬಂದಿತ್ತು. ಕರು ಒಂದು ಮೂಲೆಯಲ್ಲಿ ಅರಚುತ್ತಿತ್ತು, ಗೊಬ್ನಿತ್ ಇನ್ನೊಂದು ಮೂಲೆಯಲ್ಲಿ. ಅರ್ಧ ಊರು ಅಂಗಳದಲ್ಲಿ ನೆರೆದಿತ್ತು. ಕೋರ್ಮಕ್ ತಾತ ಕೋಲೂರಿಕೊಂಡು ಬಂದು ನೋಡಿ, "ಕಣ್ಣು" ಅಂದ. ಬೇರೆ ಹೇಳುವುದಕ್ಕೆ ಏನಿತ್ತು, ಬೆಳಿಗ್ಗೆ ಎಲ್ಲರೂ ಕಿವಿಯಾರೆ ಕೇಳಿದ್ದರಲ್ಲ.

"ಕಣ್ಣು ಹಾಕ್ದವಳೇ ಬಂದು, ದೇವರು ಕಾಪಾಡಲಿ ಅಂತ ಮೂರ್ ಸಲ ಹೇಳಿ ಮೈಮೇಲೆ ಉಗೀಬೇಕು. ಬರ್ದಿದ್ರೆ ಅವಳ ಬಟ್ಟೆದೊಂದು ಚೂರು ತಂದು ಹಸು ಮೂಗಿನ ಕೆಳಗೆ ಸುಡ್ಬೇಕು. ಬೇಗ ಮಾಡಿ, ಹೊತ್ತು ಮುಳುಗೋ ತನಕ ಇದು ಇರಲ್ಲ" ಅಂದ ತಾತ.

ಟೈಗ್ ಅಲ್ಲೇ ನಿಂತಿದ್ದ. ಎಲ್ಲರ ಕಣ್ಣೂ ಅವನ ಮೇಲೆ. ಪಾಪ, ಒಂದು ಕಡೆ ತಮ್ಮ, ಒಂದು ಕಡೆ ಹೆಂಡತಿ. ಟೋಪಿ ತೆಗೆದ, ಹಾಕಿಕೊಂಡ, ಮನೆಯ ಕಡೆ ಹೊರಟ. ನಾನೂ ಹಿಂದೆ ಹೋದೆ. ಯಾಕೆ ಹೋದೆ ಅನ್ನಬೇಡಿ, ಯಾರಾದರೂ ಒಬ್ಬರು ಹೋಗಬೇಕಿತ್ತು.

ಶಿಬೇಲ್ ಹಿತ್ತಲಲ್ಲಿ ಕೋಳಿಗೆ ಕಾಳು ಎರಚುತ್ತಿದ್ದಳು. ಅವಳ ಶಾಲು ಬಾಗಿಲ ಹಿಂದಿನ ಗೂಟದಲ್ಲಿ ನೇತಾಡುತ್ತಿತ್ತು. ಟೈಗ್ ಸದ್ದಿಲ್ಲದೆ ಒಳಗೆ ಹೋಗಿ, ಜೇಬಿನ ಚೂರಿ ತೆಗೆದು ಶಾಲಿನ ಅಂಚಿಗೆ ಇಟ್ಟ. ಅಷ್ಟರಲ್ಲಿ ಕಾಳಿನ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಹೆಂಡತಿ ಎದುರಿಗೆ.

"ಏನ್ ಮಾಡ್ತಿದ್ದೀಯ?"

ಅವನು ಚೂರಿಯನ್ನು ಬೆನ್ನ ಹಿಂದಕ್ಕೆ ಸರಿಸಿದ.

"ನನ್ನ ಶಾಲು ಕತ್ತರಿಸ್ತಿದ್ದೀಯ. ಯಾತಕ್ಕೆ ಅಂತ ಬಾಯಿ ಬಿಟ್ಟು ಹೇಳು."

"ದ್ರಿಮಿನ್ ಬಿದ್ದುಹೋಗಿದೆ, ಶಿಬೇಲ್. ಉಬ್ಬಿಬಿಟ್ಟಿದೆ. ಒಂದು ಚೂರು ಸುಟ್ಟರೆ... ಯಾರಿಗೂ ಗೊತ್ತಾಗಲ್ಲ."

"ಯಾರಿಗೂ ಗೊತ್ತಾಗಲ್ವಾ! ಊರೆಲ್ಲ ಸುಟ್ಟ ಉಣ್ಣೆ ವಾಸನೆ ಕುಡೀತಾ ನಿಂತಿರುತ್ತೆ, ಯಾರಿಗೂ ಗೊತ್ತಾಗಲ್ವಂತೆ!" ಬುಟ್ಟಿ ನೆಲಕ್ಕೆ ಬಿತ್ತು, ಕೋಳಿಗಳು ಒಳಗೇ ನುಗ್ಗಿದವು. "ಕಟ್ಕೊಂಡ ಗಂಡ ನೀನು! ನಾನು ಕೆಟ್ಟ ಕಣ್ಣಿನೋಳು ಅಂತ ನಿನಗೂ ಅನ್ಸಿದೆ, ಅಲ್ವಾ?"

"ಬೆಳಿಗ್ಗೆ ನೀನು ಹೇಳ್ಬೇಕಾದ್ದು ಹೇಳ್ಲಿಲ್ಲ."

"ಬರ್ಲಿಲ್ಲ ಬಾಯಿಗೆ! ಏನ್ ಮಾಡ್ಲಿ? ನಾನು ಸಾಕಿದ ಹಸು, ನಾನು ಅಂಗೈಲಿ ತಿನ್ಸಿದ ಹಸು. ಅವಳು ಹಗ್ಗ ಎಳೆದು, ಬಿಡು ಅಕ್ಕ ಅಂತಾಳೆ ನನಗೆ! ಹೊಟ್ಟೆ ಉರೀತು, ಟೈಗ್. ಹೌದು, ಉರೀತು. ಈಗ್ಲೂ ಉರೀತಿದೆ. ಆದ್ರೆ ದ್ರಿಮಿನ್ ಮೇಲೆ ಅಲ್ಲ."

ನಾನು ಮೆಲ್ಲಗೆ ಅಂದೆ, "ಬಂದು ಒಂದ್ ಮಾತು ಹೇಳ್ಬಿಡೇ. ಹೇಳಿದ್ರೆ ಗಂಟೇನು ಹೋಗುತ್ತೆ?"

ಅವಳು ನನ್ನ ಕಡೆ ತಿರುಗಿದ ರೀತಿಗೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಗಂಟೇನು ಹೋಗುತ್ತಾ? ನಾನು ಬಂದು ಹೇಳಿ, ಹಸು ಎದ್ದರೆ ಏನಾಗುತ್ತೆ ಗೊತ್ತಾ? ಇವಳೇ ಹಾಕಿದ್ದು, ಇವಳೇ ತೆಗೆದಳು ಅಂತೀರ. ನಾಳೆಯಿಂದ ನನ್ನ ಕಂಡ್ರೆ ಕರು ಒಳಗೆ ಕಟ್ತೀರ, ಬೆಣ್ಣೆ ಕಡೆಯೋರು ಬಾಗ್ಲು ಹಾಕ್ಕೋತೀರ. ನೀನೇ ಮೊದಲು ಹಾಕ್ಕೋತೀಯ, ಎಲೆನ್. ಇಲ್ಲ ಅನ್ನು ನೋಡೋಣ."

ಅವಳು ಹೇಳಿದ್ದು ಸುಳ್ಳಲ್ಲ. ನನ್ನ ಕೊಟ್ಟಿಗೆಯಲ್ಲೂ ಕರುವಿದೆ.

"ಹಾಗಾದ್ರೆ ಬರ್ಬೇಡ" ಅಂದ ಟೈಗ್. "ಹೋಗಿ, ಬರಲ್ಲ ಅಂದಳು ಅಂತೀನಿ."

ಶಿಬೇಲ್ ಬಗ್ಗಿ ಕೋಳಿಗಳನ್ನು ಹೊರಗೆ ಅಟ್ಟತೊಡಗಿದಳು. ಗೋಡೆಯ ಆಚೆಯಿಂದ ಹಸುವಿನ ಕೂಗು ಕೇಳಿಸಿತು. ಕೂಗು ಅನ್ನಲೂ ಆಗದು, ಗಂಟಲು ಕಟ್ಟಿದ ನರಳಾಟ. ಅವಳು ತಲೆ ಎತ್ತಿದಳು.

"ಅದೇನು ಹಾಗೆ ಕೂಗುತ್ತೆ?"

"ಬೆಳಿಗ್ಗೆಯಿಂದ... ಅಲ್ಲ, ಊಟದ ಹೊತ್ತಿನಿಂದ ಹಾಗೇ."

"ನೊರೆ ಬರ್ತಿದೆಯಾ? ಕತ್ತು ಚಾಚ್ಕೊಂಡಿದೆಯಾ?"

"ಹೌದು."

"ದಡ್ಡ ಮುಂಡೇವಾ!" ಅಂದಳು. ಶಾಲನ್ನೂ ಹೊದೆಯದೆ ಗೋಡೆ ಹತ್ತಿ ಹಾರಿದಳು. ಸುತ್ತಿ ಬರಲು ದಾರಿ ಇತ್ತು. ನಾನು ಅದರಲ್ಲೇ ಹೋದೆ, ನನಗೆ ವಯಸ್ಸಾಗಿದೆ.

ನಾನು ಮುಟ್ಟುವಷ್ಟರಲ್ಲಿ ಅವಳು ತೋಳಿನ ಬಟ್ಟೆ ಮಡಚಿ, ಗೊಬ್ನಿತ್‌ಳ ಬೆಣ್ಣೆಯ ಮಡಿಕೆಗೇ ಕೈ ಹಾಕಿ, ಭುಜದ ತನಕ ಬೆಣ್ಣೆ ಬಳಿದುಕೊಂಡಿದ್ದಳು. "ಫಿನೀನ್, ಕೊಂಬು ಹಿಡಿ. ಟೈಗ್, ನಾಲಿಗೆ ಪಕ್ಕಕ್ಕೆ ಎಳೆದು ಹಿಡ್ಕೋ. ಬಿಟ್ಟೀಯ ಮತ್ತೆ, ನನ್ನ ಕೈ ಹೋಗುತ್ತೆ."

"ಮೊದ್ಲು ಆ ಮಾತು ಹೇಳಮ್ಮ" ಅಂದ ಕೋರ್ಮಕ್ ತಾತ.

"ದೇವರು ಕಾಪಾಡಲಿ, ದೇವರು ಕಾಪಾಡಲಿ, ದೇವರು ಕಾಪಾಡಲಿ! ಆಯ್ತಾ? ಆಚೆ ಸರಿ, ಬೆಳಕು ಬಿಡು."

ಹಸುವಿನ ಬಾಯೊಳಗೆ ಕೈ ಹೋಯಿತು. ಮಣಿಕಟ್ಟು, ಮೊಣಕೈ, ಇನ್ನೂ ಒಳಗೆ. ದವಡೆಯ ಹಲ್ಲು ಕೂತಾಗ ಶಿಬೇಲ್ ತುಟಿ ಕಚ್ಚಿದಳು, ಕೈ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಹೊರಗಡೆ ಗಂಟಲು ನೀವುತ್ತ, "ಬಾ ನನ್ನಮ್ಮ, ಬಾ, ಇನ್ನೊಂಚೂರು, ನಾನೇ ಕಣೇ, ನಾನೇ" ಅಂತ ಮಾತಾಡುತ್ತಿದ್ದಳು. ಗೊಬ್ನಿತ್ ಅಳು ನಿಲ್ಲಿಸಿ ಅದನ್ನೇ ಕೇಳುತ್ತಿದ್ದಳು. ಆಮೇಲೆ ಕೈ ಹೊರಗೆ ಬಂತು. ಜೊಲ್ಲು, ರಕ್ತ, ಬೆಣ್ಣೆ, ಅದರ ನಡುವೆ ಮುಷ್ಟಿಗಾತ್ರದ ಒಂದು ಹಸಿ ಆಲೂಗಡ್ಡೆ. ಅದರ ಹಿಂದೆಯೇ ಹಸುವಿನ ಹೊಟ್ಟೆಯ ಗಾಳಿ ಬಂತು ನೋಡಿ, ಟೈಗ್‌ನ ಟೋಪಿ ಹಾರಿಹೋಯಿತು. ಸ್ವಲ್ಪ ಹೊತ್ತಿಗೆ ದ್ರಿಮಿನ್ ಮುಂಗಾಲೂರಿ ಎದ್ದು ನಿಂತಿತು. ಕರು ಓಡಿಬಂದು ಕೆಚ್ಚಲಿಗೆ ಬಾಯಿ ಹಾಕಿತು.

ನಿಜ ಹೇಳಬೇಕೆಂದರೆ, ಹಸುವನ್ನು ನೋಡಿದ್ದರೆ ನಮ್ಮಲ್ಲಿ ಯಾರಿಗಾದರೂ ಅದು ತಿಳಿಯುತ್ತಿತ್ತು. ಗಂಟಲಿಗೆ ಸಿಕ್ಕಿಸಿಕೊಂಡ ಹಸು ನಾವೇನು ಕಂಡಿಲ್ಲವೇ? ಆದರೆ ನಾವು ಯಾರೂ ಹಸುವನ್ನು ನೋಡುತ್ತಿರಲಿಲ್ಲ. ಶಿಬೇಲ್ ಬರುತ್ತಾಳೋ ಇಲ್ಲವೋ ಅಂತ ಬಾಗಿಲನ್ನೇ ನೋಡುತ್ತಿದ್ದೆವು.

ಅವಳು ಆಲೂಗಡ್ಡೆಯನ್ನು ಎತ್ತಿ ಹಿಡಿದು ಎಲ್ಲರ ಮುಂದೂ ಆಡಿಸಿದಳು. "ನೋಡ್ರಪ್ಪಾ, ಕಣ್ಣಾರೆ ನೋಡಿ! ಇದೇ ನನ್ನ ಕೆಟ್ಟ ಕಣ್ಣು! ಕೋರ್ಮಕ್ ತಾತ, ಮೂಸಿ ನೋಡ್ತೀಯಾ? ಇದಕ್ಕೆ ನನ್ನ ಶಾಲು ಸುಡ್ಬೇಕಿತ್ತಾ?"

ತಾತ ಆಲೂಗಡ್ಡೆಯನ್ನು ನೋಡಿದ, ಕೋಲಿನ ಮೇಲೆ ಭಾರ ಬದಲಿಸಿದ.

"ಅದು ಸರಿಯಮ್ಮ. ಈ ಹಸು ಹುಟ್ಟಿದಾಗಿಂದ ಆಲೂಗಡ್ಡೆ ತಿಂತಾ ಬಂದಿದೆ. ಇವತ್ತೇ ಯಾಕೆ ಸಿಕ್ಕಾಕ್ಕೊಳ್ತು?"

ಅಂಗಳದ ತುಂಬ "ಹೌದಲ್ಲ, ಹೌದಲ್ಲ" ಅಂತ ಶುರುವಾಯಿತು. ಯಾರೋ, "ಮೂರ್ ಸಲ ಹೇಳಿದ್ಮೇಲೇ ಹೊರಗೆ ಬಂತು" ಅಂದರು. ನಾನೂ ತಲೆಯಾಡಿಸಿದೆ. ಆಡಿಸದೇ ಇರಲು ಆಗುತ್ತಿತ್ತೇ, ತಾತ ಹೇಳಿದ್ದರಲ್ಲಿ ಅರ್ಥವಿತ್ತು. ಶಿಬೇಲಳ ಎತ್ತಿದ ಕೈ ಹಾಗೇ ಇಳಿಯಿತು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು, ನೋಡಿದ ಕಡೆಯೆಲ್ಲ ಹೆಂಗಸರು ಮಕ್ಕಳನ್ನು ಮೈಗೆ ಒತ್ತಿಕೊಂಡರು. ಇನ್ನು ಸಾಯುವ ತನಕ ಇಷ್ಟೇ ಅಂತ ಅವಳಿಗೆ ಆಗಲೇ ಗೊತ್ತಾಗಿರಬೇಕು.

ಅವಳು ಗೊಬ್ನಿತ್ ಕಡೆ ತಿರುಗಿದಳು. "ಹಸೀದು, ಇಡೀದು ಯಾಕೆ ಹಾಕ್ದೆ? ಚಿಕ್ಕದು ಬೇಯಿಸಿ ಹಿಸುಕಿ ಹಾಕ್ಬೇಕು ಅಂತ ಗೊತ್ತಿಲ್ವಾ? ಇದು ಮನುಷ್ಯರು ತಿನ್ನೋ ಗಡ್ಡೆ, ಇಷ್ಟ್ ದಪ್ಪ!"

"ಗೊತ್ತು." ಗೊಬ್ನಿತ್ ಮತ್ತೆ ಅಳತೊಡಗಿದಳು. "ಇವತ್ತಿನ ಊಟಕ್ಕೆ ಅಂತ ತೊಳೆದಿಟ್ಟಿದ್ದು. ಮಕ್ಕಳ ಪಾಲಿನದು. ಅದರಲ್ಲೇ ದಪ್ಪದಪ್ಪದ್ದು ಆರಿಸಿ ಹಾಕ್ದೆ."

"ತಲೆ ಕೆಟ್ಟಿದೆಯಾ ನಿನಗೆ?"

"ಹೂಂ, ಕೆಟ್ಟಿದೆ!" ಗೊಬ್ನಿತ್ ಸಿಡಿದಳು. "ಬೆಳಿಗ್ಗೆ ನೀನು ಬಾಗ್ಲಲ್ಲಿ ನಿಂತೆ ಅಷ್ಟೇ, ಅದು ಕರುನೂ ಬಿಟ್ಟು ನಿನ್ನ ಕೈ ನೆಕ್ತು. ಇಷ್ಟು ದಿನದಿಂದ ಮೇವು ಹಾಕೋಳು ನಾನು, ಸಗಣಿ ಬಾಚೋಳು ನಾನು. ಹೆರಿಗೆ ರಾತ್ರಿ ಪಕ್ಕದಲ್ಲಿ ಮಲಗಿದ್ದೋಳು ನಾನು. ಒಂದ್ ದಿನಕ್ಕೂ ನನ್ನ ಕೈ ನೆಕ್ಕಿಲ್ಲ ಅಕ್ಕ, ಒಂದ್ ದಿನಕ್ಕೂ! ನೀನು ಕೊಟ್ಟಿದ್ದಕ್ಕಿಂತ ಒಳ್ಳೇದು ಕೊಟ್ಟರೆ ನನ್ನ ಕಡೆ ತಿರುಗಬಹುದು ಅಂತ ಕೊಟ್ಟೆ. ನಾಳೆಯಿಂದ ಈ ಕೊಟ್ಟಿಗೆ ಹತ್ರ ಬರ್ಬೇಡ. ಕಣ್ಣು ಗಿಣ್ಣು ನನಗೆ ಗೊತ್ತಿಲ್ಲ. ನೀನು ಬಂದ್ರೆ ಅದು ನನ್ನದಾಗಲ್ಲ."

ನಾನು ಶಿಬೇಲಳ ಮುಖ ನೋಡಿದೆ. ಬೈಯುತ್ತಾಳೆ ಅಂದುಕೊಂಡೆ, ಇಲ್ಲವೇ ಅಳುತ್ತಾಳೆ ಅಂದುಕೊಂಡೆ. ಎರಡೂ ಆಗಲಿಲ್ಲ. ಅವಳ ಮುಖ ಅರಳುತ್ತಿತ್ತು! ಊರೆಲ್ಲ ಅವಳನ್ನು ಹೊರಗೆ ಹಾಕಿದ ಗಳಿಗೆಯಲ್ಲಿ, ರಕ್ತ ಸೋರುವ ಕೈ ಹಿಡಿದು ನಿಂತವಳಿಗೆ ಒಳಗೊಳಗೇ ಖುಷಿ. ಫೆಬ್ರವರಿಯಿಂದ ತಾನು ಒಬ್ಬಳೇ ನುಂಗುತ್ತಿದ್ದ ಉರಿ ಎದುರಿನವಳ ಹೊಟ್ಟೆಯಲ್ಲೂ ಇದೆ, ಅದೂ ತನ್ನಿಂದಲೇ ಹತ್ತಿದ್ದು ಅಂತ ಗೊತ್ತಾದಾಗ ಯಾರಿಗೆ ತಾನೇ ಹಾಗಾಗದು? ನನಗಾದರೂ ಆಗುತ್ತಿತ್ತು.

"ಬರಲ್ಲ ಬಿಡು" ಅಂದಳು, ಸಣ್ಣ ದನಿಯಲ್ಲಿ. ಆಲೂಗಡ್ಡೆಯನ್ನು ಗೊಬ್ನಿತ್‌ಳ ಕೈಯಲ್ಲಿಟ್ಟು ಹೊರಟಳು. ಈ ಸಲ ಗೋಡೆ ಹಾರಲಿಲ್ಲ, ದಾರಿಯಲ್ಲೇ ನಡೆದಳು. ಪಕ್ಕದಲ್ಲಿ ಟೈಗ್, ನಾಲ್ಕು ಹೆಜ್ಜೆ ಹಿಂದೆ ನಾನು. ನನ್ನ ಮನೆಗೂ ಅದೇ ದಾರಿ.

"ಅವಳು ಅತ್ತಳು, ನೋಡ್ದೆಯಾ?" ಅಂದಳು ಗಂಡನಿಗೆ. "ನನ್ನ ಕಂಡು ಹೊಟ್ಟೆ ಉರ್ಕೋತಾಳಂತೆ. ಎಲ್ಲರೆದುರೂ ಅಂದಳು."

"ಎಲ್ಲರೂ ಇನ್ನೂ ಏನೇನೋ ಅಂದರು. ಅದು ಕೇಳಿಸ್ಲಿಲ್ವಾ ನಿನಗೆ?"

"ಅನ್ಲಿ ಬಿಡು."

ಅಷ್ಟರಲ್ಲಿ ಹಿಂದಿನಿಂದ ದ್ರಿಮಿನ್ ಕೂಗಿತು. ಈಗ ಗಂಟಲು ಬಿಚ್ಚಿತ್ತು, ಕಣಿವೆಗೆಲ್ಲ ಕೇಳುವ ಹಾಗೆ ಉದ್ದಕ್ಕೆ ಕೂಗಿತು. ಶಿಬೇಲ್ ನಿಂತಳು. ಕತ್ತು ಅರ್ಧ ತಿರುಗಿತ್ತು. ಕೊಟ್ಟಿಗೆಯ ಬಾಗಿಲಲ್ಲಿ, ಅಂಗಳದಲ್ಲಿ, ಜನ ಇನ್ನೂ ನಿಂತಿದ್ದರು. ಇವಳು ತಿರುಗಿ ನೋಡುತ್ತಾಳೋ ಅಂತಲೇ ಕಾಯುತ್ತಿದ್ದರು. ಗೊಬ್ನಿತ್ ಎರಡೂ ಕೈಯಲ್ಲಿ ಹಗ್ಗ ಹಿಡಿದು ಹಸುವನ್ನು ಮರೆಮಾಡಿ ನಿಂತಿದ್ದಳು. ಇನ್ನೊಂದು ನೋಟ ಬಿದ್ದರೆ ಸಾಕು, ನಾಳೆ ಆ ಕರುವಿಗೆ ಕೆಮ್ಮು ಬಂದರೂ ಇವಳದೇ ತಲೆಗೆ. ಶಿಬೇಲ್ ಕತ್ತನ್ನು ಮತ್ತೆ ಮುಂದಕ್ಕೆ ತಂದಳು. ಮುಖದ ಮೇಲೆ ಇದ್ದ ಖುಷಿ ಎಲ್ಲಿ ಹೋಯಿತೋ.

"ಟೈಗ್."

"ಏನು?"

"ನೀನು ತಿರುಗಿ ನೋಡು."

ಅವನು ತಿರುಗಿ ನೋಡಿದ.

"ನಿಂತಿದೆಯಾ?"

"ನಿಂತಿದೆ."

"ಮೇವಿಗೆ ಬಾಯಿ ಹಾಕ್ತಿದೆಯಾ?"

"ಇಲ್ಲ. ಕತ್ತೆತ್ಕೊಂಡು ನಮ್ಮ ಕಡೆ ನೋಡ್ತಿದೆ."

"ನಮ್ಮ ಕಡೆನೋ, ನನ್ನ ಕಡೆನೋ?" ಅವಳು ಗಂಡನ ತೋಳು ಹಿಡಿದಳು. "ಸರಿಯಾಗಿ ನೋಡಿ ಹೇಳು, ಟೈಗ್. ನಾನು ನೋಡೋ ಹಾಗಿಲ್ಲ."